ರುಜು ಹಾಕದ ಊರಿಗೆ ಒಪ್ಪಿಗೆ ಪತ್ರ

‘ನಿಮ್ಮ ಸಂಶೋಧನೆಯಿಂದ ಯಾರಿಗಾದರೂ ತೊಂದರೆ ಆಗುವ ಸಾಧ್ಯತೆ ಇದೆಯೇ?’ ಎಂಬ ಪ್ರಶ್ನೆಯ ಎದುರು ‘ಇಲ್ಲ’ ಎಂದು ಬರೆದು ನಾನು ಚಹಾ ಮಾಡಿಕೊಳ್ಳಲು ಎದ್ದು ಹೋಗಿದ್ದೆ. ವಿಶ್ವವಿದ್ಯಾಲಯದ ನೈತಿಕ ಪರಿಶೀಲನೆಯ ಆ ಇಡೀ ಫಾರಂ ತುಂಬಲು ಹಿಡಿದದ್ದು ಇಪ್ಪತ್ತು ನಿಮಿಷ. ಅದೇ ಫಾರಂ ಮುಂದಿನ ಐದು ವಾರ ನನ್ನ ನಿದ್ದೆ ತಿಂದಿತು.

ನಾನು ಸಾಗರ ತಾಲ್ಲೂಕಿನವಳು. ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿ, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಎರಡು ವರ್ಷ ದುಡಿದು, ಉಳಿಸಿದ ಹಣದ ಮೇಲೆ ಬ್ಯಾಂಕಿನ ಸಾಲವನ್ನೂ ಹೊತ್ತುಕೊಂಡು 2023ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಹೋದೆ. ಒಂದು ವರ್ಷದ ಎಂ.ಎಸ್ಸಿ. ವಿಷಯ, ಸಮಾಜದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ. ‘ಹಾಗೆಂದರೆ ವಿಜ್ಞಾನವೋ ಸಮಾಜವೋ?’ ಎಂದು ದೊಡ್ಡಪ್ಪ ಕೇಳಿದ್ದರು. ‘ಎರಡರ ನಡುವಿನ ಜಗಳ’ ಎಂದಿದ್ದೆ. ‘ಅದಕ್ಕೆ ಅಷ್ಟು ದೂರ ಹೋಗಬೇಕೇ ಮಾರಾಯಿತಿ’ ಎಂದು ಅವರು ಕವಳಕ್ಕೆ ಸುಣ್ಣ ಹಚ್ಚಿದರು.

ಅಷ್ಟು ದೂರ ಹೋಗಿದ್ದಕ್ಕೆ ಕಾರಣವಿತ್ತು. ವಿಜ್ಞಾನವನ್ನು ಸಮಾಜಶಾಸ್ತ್ರದ ಕಣ್ಣಿನಿಂದ ನೋಡುವ ಕೆಲಸ ಗಟ್ಟಿಯಾಗಿ ಬೇರೂರಿದ ಜಾಗಗಳಲ್ಲಿ ಎಡಿನ್‌ಬರೊ ಒಂದು. 1960ರ ದಶಕದಲ್ಲಿ ಅಲ್ಲಿ ಸೈನ್ಸ್ ಸ್ಟಡೀಸ್ ಯೂನಿಟ್ ಹುಟ್ಟಿತು. ವಿಜ್ಞಾನ ಓದುವ ಹುಡುಗರಿಗೆ ತಮ್ಮ ವಿದ್ಯೆ ಸಮಾಜದೊಳಗೆ ಹೇಗೆ ನಡೆದಾಡುತ್ತದೆ ಎಂದು ತಿಳಿಸುವುದು ಅದರ ಮೊದಲಿನ ಉದ್ದೇಶ. ಅಲ್ಲಿದ್ದ ಡೇವಿಡ್ ಬ್ಲೂರ್ 1976ರಲ್ಲಿ ಒಂದು ಕಿರಿಕಿರಿಯ ನಿಯಮವನ್ನು ಮುಂದಿಟ್ಟರು. ನಿಜವೆಂದು ಸಾಬೀತಾದ ನಂಬಿಕೆಗೂ ಸುಳ್ಳೆಂದು ತಿರಸ್ಕೃತವಾದ ನಂಬಿಕೆಗೂ ಒಂದೇ ಬಗೆಯ ಕಾರಣಗಳನ್ನು ಹುಡುಕಬೇಕು ಎನ್ನುವುದು ಆ ನಿಯಮ. ಪ್ರಯೋಗಾಲಯದಿಂದ ಹೋದ ನನಗೆ ಮೊದಲ ತಿಂಗಳು ಇದು ಶುದ್ಧ ಮೊಂಡುವಾದವೆನಿಸಿತು.

ವಿಭಾಗದ ಓಣಿಯಲ್ಲಿ ಒಂದು ಸೂಚನಾ ಫಲಕವಿತ್ತು. ಅತಿಥಿ ಉಪನ್ಯಾಸ, ಪ್ರಬಂಧ ಸ್ಪರ್ಧೆ, ಅಧ್ಯಾಪಕರ ಯೋಜನೆಗಳಲ್ಲಿ ಗಂಟೆ ಲೆಕ್ಕದ ಸಹಾಯಕರ ಕೆಲಸ, ಬೇಸಿಗೆಯ ತರಬೇತಿ, ಕ್ಷೇತ್ರಕಾರ್ಯಕ್ಕೆ ಸಣ್ಣ ಧನಸಹಾಯ ಎಲ್ಲವೂ ಒಂದರ ಮೇಲೊಂದು ಗುಂಡುಪಿನ್ನಿಗೆ ನೇತಾಡುತ್ತಿದ್ದವು. ನಮ್ಮಲ್ಲಿ ಕೆ.ಪಿ.ಎಸ್.ಸಿ.ಗೆ ಅರ್ಜಿ ಹಾಕುವವರ ಹಾಗೆ ನಾನು ಕಂಡದ್ದಕ್ಕೆಲ್ಲ ಹಾಕಿದೆ. ಅಕ್ಟೋಬರ್, ನವೆಂಬರ್ ಎರಡೇ ತಿಂಗಳಲ್ಲಿ ಏಳು ಅರ್ಜಿ. ಒಂದೇ ಪರಿಚಯ ಪತ್ರಕ್ಕೆ ಏಳು ಬೇರೆ ವಿಳಾಸ. ಆರಕ್ಕೆ ಇಲ್ಲವೆಂದು ಉತ್ತರ ಬಂತು, ಅಥವಾ ಉತ್ತರವೇ ಬರಲಿಲ್ಲ.

ಏಳನೆಯದು ಕೈ ಹಿಡಿಯಿತು. 1989ರಿಂದ ನಡೆಯುತ್ತಿರುವ ಎಡಿನ್‌ಬರೊ ವಿಜ್ಞಾನೋತ್ಸವದಲ್ಲಿ ಮಕ್ಕಳಿಗೆ ಪ್ರಯೋಗ ಮಾಡಿ ತೋರಿಸುವ ಕೆಲಸ. ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳ ಅವಧಿಯಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆದು ಆ ಗಂಟೆ ಮುಗಿಸುವುದಕ್ಕಿಂತ ಇದು ಮೇಲು. ಒಂದು ಮಗು ನನ್ನನ್ನು ಎವೆಯಿಕ್ಕದೆ ನೋಡಿ ‘ಇದು ನಿಜ ಅಂತ ನಿನಗೆ ಹೇಗೆ ಗೊತ್ತು?’ ಎಂದು ಕೇಳಿತು. ಎಂ.ಎಸ್ಸಿ. ಪೂರ್ತಿ ಇದ್ದದ್ದು ಆ ಪ್ರಶ್ನೆಯಲ್ಲೇ. ನಾನು ಮಾತ್ರ ಬಲೂನಿನ ಕಡೆಗೆ ಅದರ ಗಮನ ತಿರುಗಿಸಿ ಪಾರಾದೆ.

ನಾನು ಹೇಳಬೇಕೆಂದಿರುವುದು ಆ ಫಲಕದ ಮೂಲೆಯಲ್ಲಿದ್ದ ಬೇರೊಂದು ಹಾಳೆಯ ಕಥೆ. ಬೇಸಿಗೆಯಲ್ಲಿ ಪ್ರಬಂಧದ ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ ಸಣ್ಣ ನೆರವು, ಮುನ್ನೂರು ಪದಗಳಲ್ಲಿ ಪ್ರಸ್ತಾವನೆ, ಜೊತೆಗೆ ಖರ್ಚಿನ ಅಂದಾಜು. ಆಗ 2024ರ ಜನವರಿ. ಊರಿನಿಂದ ಬರುತ್ತಿದ್ದ ಪ್ರತಿ ಫೋನಿನಲ್ಲೂ, ಕಾಡಿನ ಉಣುಗು (ಉಣ್ಣಿ) ಕಚ್ಚಿ ಹರಡುವ ಮಂಗನ ಕಾಯಿಲೆಯ ಸುದ್ದಿ. ಪಕ್ಕದ ಸಿದ್ದಾಪುರದ ಕಡೆ ಪ್ರಕರಣಗಳು ಏರುತ್ತಿದ್ದವು. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಅನುಭವಿಸಿದ್ದನ್ನು ಕಂಡವರಿಗೆ ಆ ಸುದ್ದಿ ಬರಿಯ ಸುದ್ದಿಯಲ್ಲ. ವಿಷಯ ಹುಡುಕುವ ಕಷ್ಟ ನನಗಿರಲಿಲ್ಲ.

ಮುನ್ನೂರು ಪದ ಬರೆದೆ. ಮೊದಲ ವಾಕ್ಯ ಹೀಗಿತ್ತು: ‘ಗ್ರಾಮೀಣ ಜನರಲ್ಲಿ ಅರಿವಿನ ಕೊರತೆಯಿಂದಾಗಿ ಲಸಿಕೆ ಮತ್ತು ಮೈಗೆ ಹಚ್ಚುವ ರಕ್ಷಣಾ ತೈಲದ ಬಳಕೆ ಕಡಿಮೆಯಾಗಿದೆ.’ ಮಾರ್ಗದರ್ಶಕಿ ಪೆನ್ಸಿಲಿನಿಂದ ‘ಅರಿವಿನ ಕೊರತೆ’ಗೆ ಒಂದು ಸುತ್ತು ಹಾಕಿದರು. ‘ಇದು ನಿನ್ನ ಸಂಶೋಧನೆಯ ಫಲಿತಾಂಶವೋ, ನೀನು ಹೋಗುವ ಮೊದಲೇ ಕಟ್ಟಿಕೊಂಡ ಬುತ್ತಿಯೋ?’ ಅವರ ಇಂಗ್ಲಿಷ್ ಮಾತಿನಲ್ಲಿ ಬುತ್ತಿ ಇರಲಿಲ್ಲ. ಅರ್ಥ ಮಾತ್ರ ಅದೇ. ಆಮೇಲೆ ಅವರು ಕುರಿಗಳ ಕಥೆ ಹೇಳಿದರು.

1986ರ ಏಪ್ರಿಲಿನಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿಯಿತು. ಮೇ ಮೊದಲ ವಾರದ ಮಳೆ ಇಂಗ್ಲೆಂಡಿನ ಕಂಬ್ರಿಯಾದ ಗುಡ್ಡಗಳ ಮೇಲೆ ವಿಕಿರಣದ ಸೀಸಿಯಮ್ಮನ್ನು ಸುರಿಯಿತು. ಜೂನಿನಲ್ಲಿ ಕುರಿ ಮಾರಾಟಕ್ಕೆ ನಿರ್ಬಂಧ ಬಂತು, ಬರಿಯ ಮೂರು ವಾರದ ಮಟ್ಟಿಗೆ ಎಂದರು. ಕೆಲವು ಜಮೀನುಗಳಲ್ಲಿ ಆ ಮೂರು ವಾರ ಮುಗಿದದ್ದು 2012ರಲ್ಲಿ. ತಜ್ಞರ ಲೆಕ್ಕ ನಿಂತಿದ್ದದ್ದು ಜೇಡಿಮಣ್ಣಿನ ಮೇಲೆ. ಅಲ್ಲಿ ಸೀಸಿಯಂ ಮಣ್ಣಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಗುಡ್ಡದ ಹುಳಿಮಣ್ಣಿನಲ್ಲಿ ಅದು ಹುಲ್ಲಿಗೆ ಏರಿತು, ಹುಲ್ಲಿನಿಂದ ಕುರಿಗೆ, ಕುರಿಯಿಂದ ಮತ್ತೆ ಮಣ್ಣಿಗೆ. ಕುರಿಗಳಿಗೆ ಒಣಹುಲ್ಲು ಹಾಕಿ ಎಂಬ ಸಲಹೆ ಕೇಳಿ ಗುಡ್ಡದ ರೈತರು ನಕ್ಕರು. ಬೇಲಿ ಹಾಕಿ ಕುರಿಗಳನ್ನು ಕೂಡಿಟ್ಟು ಪ್ರಯೋಗ ಮಾಡಿದರೆ ಅವು ಸೊರಗುತ್ತವೆ ಎಂದು ಮೊದಲೇ ಎಚ್ಚರಿಸಿದ್ದೂ ಅವರೇ. ಬ್ರಯಾನ್ ವಿನ್ ಎಂಬ ವಿದ್ವಾಂಸರು ಆ ರೈತರ ಜೊತೆ ಕುಳಿತು ಮಾತನಾಡಿ ಇದನ್ನೆಲ್ಲ ದಾಖಲಿಸಿದರು. ರೈತರಿಗೆ ವಿಜ್ಞಾನ ತಿಳಿಯದು ಎಂಬ ಹಳೆಯ ವಾದದ ಬುಡವೇ ಅಲ್ಲಾಡಿತು. ಆ ರೈತರ ಸಂಶಯಕ್ಕೆ ಇನ್ನೊಂದು ಬೇರೂ ಇತ್ತು. ಅವರ ಪಕ್ಕದಲ್ಲೇ ವಿಂಡ್‌ಸ್ಕೇಲ್ ಅಣುಸ್ಥಾವರವಿತ್ತು. 1957ರ ಅಕ್ಟೋಬರಿನಲ್ಲಿ ಅಲ್ಲಿ ಬೆಂಕಿ ಬಿದ್ದಿತ್ತು.

1957! ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದೂ ಅದೇ ವರ್ಷ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮೊದಲು ಹಳದಿ ಜ್ವರವೇನೋ ಎಂಬ ಆತಂಕ. ಆಮೇಲೆ ವೈರಾಣು ರಷ್ಯಾದ ಕಡೆಯ ಉಣುಗು ಜ್ವರದ ಬಳಗಕ್ಕೆ ಸೇರಿದ್ದೆಂದು ಗೊತ್ತಾಯಿತು. ವಲಸೆ ಹಕ್ಕಿಗಳು ಹೊತ್ತು ತಂದವೇ ಎಂದು ನೋಡಲು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದರು. ಆ ಕೆಲಸದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರೂ ಇದ್ದರು. ಅದರ ಹಿಂದಿನ ವಿದೇಶಿ ಹಣದ ಬಗ್ಗೆ 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪ್ರಶ್ನೆ ಎತ್ತಿತು. ನಮ್ಮೂರ ಜ್ವರಕ್ಕೆ ದೆಹಲಿ, ಅಮೆರಿಕ, ಸೈಬೀರಿಯಾ ಎಲ್ಲ ಸೇರಿಕೊಂಡಿದ್ದವು. ಇಷ್ಟೆಲ್ಲ ಇರುವಾಗ ನಾನು ಬರೆದದ್ದು ‘ಅರಿವಿನ ಕೊರತೆ’.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ‘ಈ ಸಲ ದರಕಿಗೆ ಹೋಗುತ್ತಿದ್ದಾರೆಯೇ?’ ಎಂದು ಕೇಳಿದೆ. ‘ಹೋಗದೆ? ಕೊಟ್ಟಿಗೆಗೆ ಏನು ಹಾಸಬೇಕು?’ ಎಂದರು. ಎರಡೇ ಮಾತು. ಉಣುಗಿನ ಮರಿಗಳು ಹೆಚ್ಚುವುದು ಡಿಸೆಂಬರಿನಿಂದ ಬೇಸಿಗೆಯವರೆಗೆ. ಸೊಪ್ಪಿನಬೆಟ್ಟದಲ್ಲಿ ದರಕು, ಅಂದರೆ ಒಣ ಎಲೆ, ಗುಡಿಸಿ ಬುಟ್ಟಿ ತುಂಬುವುದೂ ಆಗಲೇ. ‘ಕಾಡಿಗೆ ಹೋಗಬೇಡಿ’ ಎಂಬ ಸಲಹೆ, ಗುಡ್ಡದ ಕುರಿಗೆ ಒಣಹುಲ್ಲು ಹಾಕಿ ಎಂದ ಹಾಗೆಯೇ. ದರಕು ಇಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಲಸಿಕೆಯ ವಿಷಯದಲ್ಲೂ ನನ್ನ ವಾಕ್ಯ ನಿಲ್ಲಲಿಲ್ಲ. 2005ರಿಂದ 2010ರವರೆಗಿನ ಮಾಹಿತಿಯ ಮೇಲೆ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಶೇಕಡ 62ರ ಆಸುಪಾಸು; ಬೂಸ್ಟರನ್ನೂ ಪಡೆದವರಿಗೆ ಶೇಕಡ 83ರಷ್ಟು. ನೋವಿನ ಚುಚ್ಚುಮದ್ದು, ಅದೂ ಮತ್ತೆ ಮತ್ತೆ. ಲಸಿಕೆ ಬೇಡವೆಂದವರ ಲೆಕ್ಕಾಚಾರವೂ ಒಂದು ಲೆಕ್ಕಾಚಾರವೇ. ಹೇಗೂ ನಾನು ಅರ್ಜಿ ಬರೆಯುವ ಹೊತ್ತಿಗೆ ಆ ಹಳೆಯ ಲಸಿಕೆಯನ್ನು ಕೊಡುವುದೇ ನಿಂತಿತ್ತು.

ಪ್ರಸ್ತಾವನೆಯನ್ನು ಒಂಬತ್ತು ಸಲ ತಿದ್ದಿದೆ. ಕೊನೆಯ ಪ್ರತಿಯ ಮೊದಲ ವಾಕ್ಯ: ‘ದರಕು ಗುಡಿಸುವ ಹೆಂಗಸರು ಉಣುಗಿನ ಬಗ್ಗೆ ಏನು ಬಲ್ಲರು, ಆ ತಿಳಿವಳಿಕೆ ಆರೋಗ್ಯ ಸಲಹೆಗಳಲ್ಲಿ ಎಲ್ಲಿ ಸೇರುತ್ತದೆ, ಎಲ್ಲಿ ಬಿಟ್ಟುಹೋಗುತ್ತದೆ?’

ಇದನ್ನು ಎರಡು ಕಡೆಗೆ ಕಳುಹಿಸಿದೆ. ಹೊರಗಿನ ಪ್ರತಿಷ್ಠಾನವೊಂದು ಆರು ವಾರ ಸುಮ್ಮನಿದ್ದು, ಆಮೇಲೆ ನನ್ನ ಹೆಸರನ್ನು ತಪ್ಪಾಗಿ ಬರೆದ ಒಂದು ಸಾಲಿನಲ್ಲಿ ಕ್ಷಮೆ ಕೋರಿತು. ವಿಭಾಗದ ನೆರವು ಸಿಕ್ಕಿತು. ಕೇಳಿದ್ದು ಒಂಬೈನೂರು ಪೌಂಡು, ಕೊಟ್ಟದ್ದು ಆರುನೂರು. ಖರ್ಚಿನ ಪಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ನಮ್ಮ ಕಡೆಯಿಂದ ಹೋದವರು ಎಡವುವುದು ಇಲ್ಲೇ. ಕಡಿಮೆ ಕೇಳಿದರೆ ಒಳ್ಳೆಯ ಹುಡುಗಿ ಎಂದುಕೊಳ್ಳುತ್ತಾರೆಂಬ ಭ್ರಮೆ ನಮಗೆ. ಮೊದಲ ಪಟ್ಟಿಯಲ್ಲಿ ವಿಮಾನದ ಟಿಕೆಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ‘ಒಂದು ಗಂಟೆ ನಿನ್ನ ಜೊತೆ ಕೂರುವ ಹೆಂಗಸಿನ ಅರ್ಧ ದಿನದ ಕೂಲಿ ಹೋದರೆ ಯಾರು ಕೊಡುತ್ತಾರೆ?’ ಎಂದು ಮಾರ್ಗದರ್ಶಕಿ ಕೇಳಿದ ಮೇಲೆ ಕೂಲಿಯ ಸಾಲು ಸೇರಿತು. ಬಸ್ಸು, ಆಟೊ, ಮಾತುಗಳನ್ನು ಬರಹಕ್ಕಿಳಿಸುವ ಖರ್ಚು ಎಲ್ಲ ಸೇರಿದವು. ಕಡಿತ ಬಿದ್ದದ್ದು ಟಿಕೆಟ್ಟಿನ ಮೇಲೆ; ಕೂಲಿಯ ಸಾಲನ್ನು ಮುಟ್ಟಲಿಲ್ಲ.

ದುಡ್ಡು ಸಿಕ್ಕಿತು, ಇನ್ನೇನು ಹೊರಡುವುದೇ ಎಂದುಕೊಂಡವಳ ಎದುರು ಬಂದು ಕೂತದ್ದು ಆ ನೈತಿಕ ಪರಿಶೀಲನೆಯ ಫಾರಂ. ಮನುಷ್ಯರನ್ನು ಮಾತನಾಡಿಸುವ ಯಾವ ಸಂಶೋಧನೆಯೂ ಅದಿಲ್ಲದೆ ಹೊರಡುವಂತಿಲ್ಲ. ‘ಯಾರಿಗಾದರೂ ತೊಂದರೆ?’ ‘ಇಲ್ಲ.’ ‘ನೀವು ಮಾತನಾಡಿಸುವವರ ಜೊತೆ ನಿಮಗೆ ಮೊದಲೇ ಸಂಬಂಧವಿದೆಯೇ?’ ‘ಇದೆ, ನನ್ನದೇ ಊರು, ಎಲ್ಲರೂ ಚೆನ್ನಾಗಿ ಮಾತನಾಡುತ್ತಾರೆ.’ ಇದನ್ನು ಹೆಮ್ಮೆಯಿಂದಲೇ ಬರೆದಿದ್ದೆ. ಫಾರಂ ವಾಪಸು ಬಂತು. ಬದಿಯಲ್ಲಿ ಒಂದು ಸಾಲು: ಇವರಲ್ಲಿ ಯಾರಾದರೂ ನಿಮಗೆ ‘ಆಗುವುದಿಲ್ಲ’ ಎನ್ನಲು ಸಾಧ್ಯವೇ?

ಓದಿದಾಗ ಮೊದಲು ಸಿಟ್ಟು ಬಂತು. ನಮ್ಮೂರಿನ ಬಗ್ಗೆ ಇವರಿಗೇನು ಗೊತ್ತು? ಆಮೇಲೆ ನಾನು ಪಟ್ಟಿ ಮಾಡಿಟ್ಟಿದ್ದ ಹನ್ನೆರಡು ಹೆಂಗಸರ ಹೆಸರು ನೋಡಿದೆ. ಒಂಬತ್ತು ಮಂದಿ ದೊಡ್ಡಪ್ಪನ ತೋಟಕ್ಕೆ ಕೆಲಸಕ್ಕೆ ಬರುವವರು. ಇಬ್ಬರು ಅಲ್ಲಿ ಮುಂಗಡ ಪಡೆದವರು. ನಾನು ಹೋಗಿ ಕೂತರೆ ಅವರು ಎದ್ದು ಚಹಾ ಕಾಸುತ್ತಾರೆ, ಕೇಳಿದ್ದಕ್ಕೆಲ್ಲ ಹೌದೆನ್ನುತ್ತಾರೆ. ಕೂಸು ಕಾಲೇಜಿಗೆ ಹೋಗಿದ್ದು, ವಿದೇಶಕ್ಕೆ ಹೋಗಿದ್ದು ಎಲ್ಲವನ್ನೂ ಅಂಗಳದಿಂದ ನೋಡಿದವರು ಅವರು. ಚೆನ್ನಾಗಿ ಮಾತನಾಡುತ್ತಾರೆ ಎಂದು ನಾನು ಬರೆದದ್ದು, ಮಾತನಾಡದೆ ಇರಲು ಅವರಿಗೆ ದಾರಿಯಿರಲಿಲ್ಲ ಎಂಬುದನ್ನೇ. ಇಪ್ಪತ್ತೈದು ವರ್ಷ ಆ ಅಂಗಳದಲ್ಲಿ ಆಡಿದರೂ ಕಾಣದ್ದು ಸಾವಿರಾರು ಮೈಲಿ ಆಚೆ ಒಂದು ಫಾರಂ ಕೇಳಿದಾಗ ಕಂಡಿತು. ಅದಕ್ಕಾಗಿ ಫಾರಂ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ.

ಪಟ್ಟಿಯನ್ನು ಹರಿದೆ. ದೊಡ್ಡಪ್ಪನ ತೋಟದ ಯಾರನ್ನೂ ಕೇಳುವುದಿಲ್ಲ, ಗುಡ್ಡದ ಆಚೆಯ ಊರಿನ ಸ್ವಸಹಾಯ ಸಂಘದ ಮೂಲಕ ಹೋಗುತ್ತೇನೆ ಎಂದು ಬರೆದೆ. ಊರಿನ ಹೆಸರು ಎಲ್ಲಿಯೂ ಹೇಳುವುದಿಲ್ಲ ಎಂದೂ ಬರೆದೆ. ಆದ್ದರಿಂದ ಇಲ್ಲಿಯೂ ಹೇಳುತ್ತಿಲ್ಲ.

ಇನ್ನೊಂದು ಗಂಟು ಒಪ್ಪಿಗೆ ಪತ್ರದ್ದು. ಸಿದ್ಧ ನಮೂನೆಯನ್ನು ಕನ್ನಡಕ್ಕೆ ತಂದೆ. ‘ನೀವು ಯಾವುದೇ ಕಾರಣ ನೀಡದೆ ಯಾವುದೇ ಹಂತದಲ್ಲಿ ಭಾಗವಹಿಸುವಿಕೆಯಿಂದ ಹಿಂತೆಗೆದುಕೊಳ್ಳಬಹುದು’ ಎಂದು ಅಮ್ಮನಿಗೆ ಓದಿ ಹೇಳಿದರೆ, ‘ಇದು ಕೋರ್ಟಿನ ನೋಟೀಸೇ?’ ಎಂದರು. ತಿದ್ದಿದೆ: ‘ಮಾತು ಸಾಕು ಎನಿಸಿದರೆ ಸಾಕು ಎನ್ನಿ. ಯಾಕೆ ಎಂದು ನಾನು ಕೇಳುವುದಿಲ್ಲ.’ ಅದು ಸರಿಹೋಯಿತು. ಕೆಳಗಿದ್ದ ಗೆರೆ ಮಾತ್ರ ಸರಿಹೋಗಲಿಲ್ಲ. ‘ಇಲ್ಲಿ ರುಜು ಮಾಡಿ.’

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ನೆಲ ಬಿಟ್ಟು ಎದ್ದು ಬಂದ ಮನೆತನಗಳು ನಮ್ಮ ಸುತ್ತ ಬೇಕಾದಷ್ಟಿವೆ. ಹೊಸ ಜಾಗದ ಹಕ್ಕುಪತ್ರದ ತಕರಾರು ಮೊಮ್ಮಕ್ಕಳ ಕಾಲಕ್ಕೂ ಬಗೆಹರಿದಿಲ್ಲ. ಬಗರ್‌ಹುಕುಂ, ಅರಣ್ಯ ಒತ್ತುವರಿ, ಸರ್ವೆ ಎಂದು ಬಂದವರೆಲ್ಲರ ಕೈಯಲ್ಲೂ ಒಂದು ಕಾಗದ, ಕಾಗದದ ಕೆಳಗೊಂದು ಗೆರೆ. ಅಂಥ ಊರಿನಲ್ಲಿ ‘ನೀವು ಕಾಡಿನಿಂದ ಏನೇನು ತರುತ್ತೀರಿ?’ ಎಂದು ಕೇಳಿ ಕೆಳಗೆ ರುಜು ಹಾಕಿ ಎಂದರೆ ಯಾರು ಹಾಕುತ್ತಾರೆ? ಹಾಕಲೂಬಾರದು. ಭಾಗವಹಿಸುವವರನ್ನು ಕಾಪಾಡಲು ಹುಟ್ಟಿದ ಗೆರೆ ಇಲ್ಲಿ ಅವರನ್ನು ಬೆದರಿಸುವ ಗೆರೆ. ಇದನ್ನು ಒಂದು ಪುಟ ವಿವರಿಸಿ ಬರೆದು, ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಿಸಿಕೊಳ್ಳುತ್ತೇನೆ, ಹೆಸರು ಹೇಳಿಸುವುದಿಲ್ಲ ಎಂದು ಕೇಳಿಕೊಂಡೆ. ಬಾಯಿಮಾತಿನ ಒಪ್ಪಿಗೆಗೆ ಅವಕಾಶ ಮೊದಲಿನಿಂದಲೂ ಇತ್ತಂತೆ. ಸೂಚನೆಗಳನ್ನು ಪೂರ್ತಿ ಓದದೆ ಜಗಳಕ್ಕೆ ಸಜ್ಜಾಗಿದ್ದು ನನ್ನದೇ ತಪ್ಪು.

ಕೊನೆಯದು ಪ್ರಯಾಣದ ಅಪಾಯ ಪಟ್ಟಿ. ವಿಮೆಗೆ ಅದು ಬೇಕು. ಗಮ್ಯಸ್ಥಾನ: ನನ್ನ ಮನೆ. ಅಪಾಯಗಳು: ಉಣುಗು, ಹಾವು, ಕಡಿದಾದ ರಸ್ತೆ, ಮಳೆಗೆ ಕೈಕೊಡುವ ಫೋನು. ಪ್ರತಿಯೊಂದಕ್ಕೂ ‘ಸಾಧ್ಯತೆ’, ‘ತೀವ್ರತೆ’ ಎಂದು ಅಂಕ ಹಾಕಬೇಕು. ಹುಟ್ಟಿ ಬೆಳೆದ ಮನೆಗೆ ಐದಕ್ಕೆ ಮೂರು ಅಂಕ ಹಾಕಿ ಕಳುಹಿಸಿದೆ. ಅಮ್ಮನಿಗೆ ಇದನ್ನು ಹೇಳಲಿಲ್ಲ.

ಮೇ ಕೊನೆಗೆ ಊರು ಸೇರಿದೆ. ಎರಡು ಮಳೆ ಬಿದ್ದಿತ್ತು. ಉಣುಗಿನ ಕಾಲ ಮುಗಿದು ಇಂಬಳದ ಕಾಲ ಶುರುವಾಗಿತ್ತು. ಮೂರು ವಾರದಲ್ಲಿ ಹದಿನಾಲ್ಕು ಹೆಂಗಸರು ಮಾತನಾಡಿದರು. ಯಾವ ದಿಬ್ಬದಲ್ಲಿ ಉಣುಗು ಹೆಚ್ಚು, ದನ ಕೂರುವ ಜಾಗಕ್ಕೂ ಅದಕ್ಕೂ ಏನು ಸಂಬಂಧ, ಬೆವರಿಗೆ ಬೆರೆತ ತೈಲ ಕಣ್ಣಿಗೆ ಇಳಿದರೆ ಎಷ್ಟು ಉರಿ, ದರಕಿನ ಬುಟ್ಟಿಯನ್ನು ತಲೆಯ ಮೇಲೆ ಹೊರುವವರು ಕತ್ತಿನ ಹಿಂದೆ ಏನು ಕಟ್ಟಿಕೊಳ್ಳುತ್ತಾರೆ ಎಂಬ ವಿವರಗಳು ಬಂದವು. ಸೂಚನಾ ಪತ್ರಗಳಲ್ಲಿ ಉದ್ದ ತೋಳಿನ ಅಂಗಿ ತೊಟ್ಟ ಗಂಡಸಿನ ಚಿತ್ರವಿತ್ತು. ಸೀರೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಗಂಗಕ್ಕ ಎಂದು ಕರೆಯೋಣ, ಹೆಸರು ಬದಲಿಸಿದ್ದೇನೆ. ಸಂಘದವರೆಲ್ಲ ‘ಅವಳಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ’ ಎಂದು ಅವರ ಮನೆ ತೋರಿಸಿದರು. ಜಗಲಿಯಲ್ಲಿ ಕೂತು ಒಪ್ಪಿಗೆಯ ಮಾತನ್ನು ಪೂರ್ತಿ ಓದಿದೆ. ಗಮನವಿಟ್ಟು ಕೇಳಿದರು. ‘ಬೇಡ ಎಂದರೆ ಯಾಕೆಂದು ಕೇಳುವುದಿಲ್ಲವೇ, ತಂಗಿ?’

‘ಕೇಳುವುದಿಲ್ಲ ಅಕ್ಕ.’

‘ಹಾಗಾದರೆ ಬೇಡ.’

ಕೇಳಲಿಲ್ಲ. ಕೇಳಬೇಕೆಂದು ನಾಲಿಗೆ ತುರಿಸಿತು. ಬೆಲ್ಲ, ನೀರು ಕೊಟ್ಟರು. ಹಸುವಿನ ಬಗ್ಗೆ, ಅಡಿಕೆಯ ಕೊಳೆರೋಗದ ಬಗ್ಗೆ, ಅದಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಗದಿರುವ ಬಗ್ಗೆ ಒಂದು ತಾಸು ಹರಟಿದರು. ಧ್ವನಿಮುದ್ರಣ ಯಂತ್ರ ಚೀಲದಲ್ಲೇ ಇತ್ತು. ಆ ತಾಸಿನಲ್ಲಿ ಉಣುಗಿನ ಮಾತೂ ಎರಡು ಸಲ ಬಂತು. ಅದನ್ನು ನಾನು ಎಲ್ಲಿಯೂ ಬರೆದಿಲ್ಲ.

ಆಗಸ್ಟಿನಲ್ಲಿ ಪ್ರಬಂಧ ಸಲ್ಲಿಸಿದೆ. ಅಂಕ ಚೆನ್ನಾಗಿಯೇ ಬಂತು, ಬ್ಯಾಂಕಿನವರಿಗೆ ಅದರಿಂದ ಏನೂ ಅನಿಸಲಿಲ್ಲ. ಅರ್ಜಿಯಲ್ಲಿ ‘ಫಲಿತಾಂಶವನ್ನು ಭಾಗವಹಿಸಿದವರಿಗೆ ಹೇಗೆ ತಲುಪಿಸುತ್ತೀರಿ?’ ಎಂಬಲ್ಲಿ ಎರಡು ಪುಟದ ಕನ್ನಡ ಸಾರಾಂಶ ಎಂದು ಬರೆದಿದ್ದೆ. ಹೆಚ್ಚಿನವರು ಆ ಕಾಲಮ್ಮನ್ನು ಸುಮ್ಮನೆ ತುಂಬುತ್ತಾರೆ, ನಾನೂ ಹಾಗೆಯೇ ತುಂಬಿದ್ದೆ. ಆದರೆ ಸಂಘದ ಕಾರ್ಯದರ್ಶಿ ಅದನ್ನು ಮರೆಯಲಿಲ್ಲ. ಎರಡು ಸಲ ಫೋನ್ ಮಾಡಿದರು. ಬರೆದು ಕಳುಹಿಸಿದೆ. ಸಭೆಯಲ್ಲಿ ಓದಿಸಿದರಂತೆ. ವಾರದ ಮೇಲೆ ಆ ಎರಡು ಪುಟದ ಚಿತ್ರ ನನ್ನ ಮೊಬೈಲಿಗೆ ಬಂತು. ‘ಉಣುಗು ಡಿಸೆಂಬರಿನಿಂದ’ ಎಂಬಲ್ಲಿ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ‘ದೀಪಾವಳಿ ಕಳೆದ ಮೇಲೆಯೇ, ತೋಟದ ಅಂಚಿನಲ್ಲಿ ಮೊದಲು’ ಎಂದು ಬರೆದಿತ್ತು. ಎರಡನೆಯ ಪುಟದಲ್ಲಿ ಸೀರೆಯ ವಿಷಯದ ಪಕ್ಕ ಸರಿ ಗುರುತು. ಬರೆದವರು ಯಾರೆಂದು ಕೇಳಿದೆ.

‘ನೀವು ಹೆಸರು ಬೇಡ ಎಂದಿದ್ದಿರಲ್ಲ’ ಎಂದರು ಕಾರ್ಯದರ್ಶಿ.